ತೂಕ ಎಷ್ಟು, ಎಲ್ಲಿ: ದೂರಯಾನದ ಹಾಯಿದೋಣಿಯನ್ನು ಓದುವ ಬಗೆ

ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರದ ರೆಕ್ಕೆ ತಿರುಗುವುದನ್ನು ನೋಡಿದವರಿಗೆ ಹಾಯಿಯ ಕೆಲಸ ಅರ್ಧ ಗೊತ್ತಾದಂತೆಯೇ. ಆ ರೆಕ್ಕೆಯನ್ನು ಗಾಳಿ ಹಿಂದಿನಿಂದ ನೂಕುವುದಿಲ್ಲ. ರೆಕ್ಕೆ ಗಾಳಿಯ ದಾರಿಯನ್ನು ಸ್ವಲ್ಪ ಬಾಗಿಸುತ್ತದೆ. ಬಾಗಿಸಿದ್ದಕ್ಕೆ ಪ್ರತಿಯಾಗಿ ರೆಕ್ಕೆಗೆ ಅಡ್ಡಲಾಗಿ ಒಂದು ಸೆಳೆತ ಹುಟ್ಟುತ್ತದೆ. ಹಾಯಿಯೂ ಅಂಥದ್ದೇ ರೆಕ್ಕೆ, ಬಟ್ಟೆಯಲ್ಲಿ ಹೊಲಿದು ನೆಟ್ಟಗೆ ನಿಲ್ಲಿಸಿದ್ದು. ಗಾಳಿ ಎದುರಿನಿಂದ ಬಂದರೂ ದೋಣಿ ಓರೆಯಾಗಿ ಮುಂದೆ ಹೋಗುವುದು ಇದರಿಂದಲೇ.

ಉಳಿದರ್ಧ ನೀರಿನೊಳಗಿದೆ. ಬಯಲುಸೀಮೆಯವರಿಗೆ ಅದರ ಪರಿಚಯ ಕಡಿಮೆ. ತುಂಗಭದ್ರೆಯಲ್ಲಿ ಹುಟ್ಟು ಹಾಕಿ ದಾಟಿಸುವ ಹರಿಗೋಲಿಗೆ ಅಡಿಯಲ್ಲಿ ಏನೂ ಇರುವುದಿಲ್ಲ. ಗಾಳಿ ಬೀಸಿದರೆ ಬೀಸಿದ ಕಡೆಗೇ ಜಾರುತ್ತದೆ. ಅದಕ್ಕೆ ಎಂಥ ಹಾಯಿ ಕಟ್ಟಿದರೂ ಗಾಳಿಗೆ ಎದುರಾಗಿ ಹೋಗಲಾರದು. ಹಾಯಿದೋಣಿ ಎಂದರೆ ಗಾಳಿಯಲ್ಲೊಂದು ರೆಕ್ಕೆ, ನೀರಿನಲ್ಲೊಂದು ರೆಕ್ಕೆ, ನಡುವೆ ಒಂದು ಒಡಲು. ಆ ಒಡಲಿನಲ್ಲಿ ತಿಂಗಳುಗಟ್ಟಲೆ ಮಂದಿ ಉಂಡು, ಮಲಗಿ, ನೀರು–ಡೀಸೆಲ್ ಹೊತ್ತು ಸಾಗಬೇಕಾದಾಗ ಅದನ್ನು ಕ್ರೂಸಿಂಗ್ ದೋಣಿ ಅನ್ನುತ್ತಾರೆ. ರೇಸಿನ ದೋಣಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಹಾಯಿಯಲ್ಲಿಲ್ಲ, ತೂಕದಲ್ಲಿದೆ. ಎಷ್ಟು ತೂಕ, ಅದು ಎಷ್ಟು ಎತ್ತರದಲ್ಲಿ ಕೂತಿದೆ, ಮುಂದೆಯೋ ಹಿಂದೆಯೋ ನಡುವೆಯೋ, ಇಷ್ಟು ತಿಳಿದರೆ ದೋಣಿಯ ನಡವಳಿಕೆಯನ್ನು ಬಹುಮಟ್ಟಿಗೆ ಕಾಗದದ ಮೇಲೇ ಊಹಿಸಬಹುದು. ಯೂಟ್ಯೂಬಿನಲ್ಲಿ ದೋಣಿ ತೋರಿಸುವವರು ಸೋಫಾ, ಫ್ರಿಜ್ಜು, ಅಡುಗೆಮನೆ ತೋರಿಸುತ್ತಾರೆಯೇ ಹೊರತು ಇದನ್ನು ಹೇಳುವುದು ಅಪರೂಪ.

ಲೆಕ್ಕಕ್ಕೆ ಒಂದು ದೋಣಿ ಇಟ್ಟುಕೊಳ್ಳೋಣ. ಇಂಥ ಕಂಪನಿಯದು ಅಂತಲ್ಲ, ಸಾಧಾರಣ ಅಳತೆಯದು: ಒಟ್ಟು ಉದ್ದ 11 ಮೀಟರ್, ನೀರಿನ ಗೆರೆಯಲ್ಲಿ ಉದ್ದ 9.6 ಮೀಟರ್, ಅಗಲ 3.5 ಮೀಟರ್, ನೀರಿನೊಳಗಿನ ಆಳ ಅಂದರೆ ಡ್ರಾಫ್ಟ್ 1.8 ಮೀಟರ್, ಖಾಲಿ ತೂಕ 7000 ಕೆಜಿ, ಅದರಲ್ಲಿ ಅಡಿಯ ನಿಲುಭಾರ ಅಂದರೆ ದೋಣಿಯನ್ನು ನೆಟ್ಟಗಿಡುವ ತೂಕ 2600 ಕೆಜಿ, ಹಾಯಿಯ ವಿಸ್ತೀರ್ಣ 60 ಚದರ ಮೀಟರ್.

ಅಡಿಯಲ್ಲಿರುವ ರೆಕ್ಕೆ

ಒಡಲಿನ ಕೆಳಗೆ ನಿಂತ ಹಲಗೆಯಂಥ ಭಾಗವೇ ಕೀಲ್. ಅದಕ್ಕೆ ಎರಡು ಕೆಲಸ: ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದು, ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ಎಳೆಯುವುದು. ಮೊದಲ ಕೆಲಸಕ್ಕೆ ಆಕಾರ ಬೇಕು, ಎರಡನೆಯದಕ್ಕೆ ತೂಕ. ಸಮುದ್ರದ ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರ. ಹಾಗಾಗಿ ಹಾಯಿಯ ವಿಸ್ತೀರ್ಣದ ನೂರಕ್ಕೆ ಮೂರು–ನಾಲ್ಕು ಪಾಲಿನಷ್ಟು ಚಿಕ್ಕ ಕೀಲ್ ಕೂಡ ಅಷ್ಟು ದೊಡ್ಡ ಹಾಯಿಯ ಅಡ್ಡ ತಳ್ಳುವಿಕೆಗೆ ಸಾಟಿಯಾಗಿ ನಿಲ್ಲುತ್ತದೆ. ಪುಕ್ಕಟೆಯಾಗಿ ಅಲ್ಲ. ಕೀಲ್ ತಾನು ರೆಕ್ಕೆಯಾಗಿ ಕೆಲಸ ಮಾಡಬೇಕಾದರೆ ನೀರು ಅದಕ್ಕೆ ಸ್ವಲ್ಪ ಓರೆಯಾಗಿ ಬಡಿಯಬೇಕು. ಅದಕ್ಕೆ ದೋಣಿ 3ರಿಂದ 5 ಡಿಗ್ರಿ ಪಕ್ಕಕ್ಕೆ ಜಾರುತ್ತಲೇ ಮುಂದೆ ಹೋಗಬೇಕು. ಈ ಜಾರುವಿಕೆಗೆ ಲೀವೇ ಅಂತ ಹೆಸರು. ವೇಗ ಕಡಿಮೆಯಾದಷ್ಟೂ ಇದು ಹೆಚ್ಚು. ನಿಂತ ದೋಣಿಯ ಕೀಲ್‌ಗೆ ಹಿಡಿತವೇ ಇಲ್ಲ. ಹೊಸಬರು ಗಾಳಿಗೆ ತೀರ ಎದುರಾಗಿ ಮೂತಿ ಇಟ್ಟು ವೇಗ ಕಳೆದುಕೊಳ್ಳುತ್ತಾರೆ. ಮೂತಿ ಸರಿಯಾದ ದಿಕ್ಕು ತೋರುತ್ತಿರುತ್ತದೆ, ದೋಣಿ ಮಾತ್ರ ಅಡ್ಡ ಜಾರಿ ಬೇರೆಲ್ಲೋ ಹೋಗುತ್ತಿರುತ್ತದೆ. ಮೊದಲು ಐದು ಡಿಗ್ರಿ ಗಾಳಿಯಿಂದ ಆಚೆ ತಿರುಗಿಸಿ ವೇಗ ಹಿಡಿಸಬೇಕು, ಆಮೇಲೆ ಮೆಲ್ಲಗೆ ಗಾಳಿಯತ್ತ ತರಬೇಕು.

ಕೀಲ್‌ನಲ್ಲಿ ಬಗೆಗಳುಂಟು. ಉದ್ದ ಕೀಲ್ ಒಡಲಿನ ಅಡಿಯುದ್ದಕ್ಕೂ ಬೆನ್ನೆಲುಬಾಗಿ ಹಬ್ಬಿರುತ್ತದೆ, ಚುಕ್ಕಾಣಿ ಅದರ ಹಿಂದಿನ ಅಂಚಿಗೇ ಅಂಟಿರುತ್ತದೆ. ಹಿಡಿದ ದಿಕ್ಕನ್ನು ಬಿಡದೆ ಹೋಗುತ್ತದೆ, ನೆಲ ತಾಗಿದರೆ ಸಹಿಸುತ್ತದೆ, ಬಲೆ–ಹಗ್ಗ ಸಿಕ್ಕಿಕೊಳ್ಳಲು ಸಂದು ಕೊಡುವುದಿಲ್ಲ. ಆದರೆ ಬಂದರಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ಹೋಗು ಅಂದರೆ ತನಗೆ ತೋಚಿದ ಕಡೆ ಹೋಗುತ್ತದೆ, ನೀರಿನ ಉಜ್ಜಾಟ ಹೆಚ್ಚಿರುವುದರಿಂದ ಮಂದ ಗಾಳಿಯಲ್ಲಿ ಸೋಮಾರಿ. ಫಿನ್ ಕೀಲ್ ಮೀನಿನ ರೆಕ್ಕೆಯ ಹಾಗೆ ಕಿರಿದು, ಆಳ. ಚುಕ್ಕಾಣಿ ದೂರದಲ್ಲಿ ಪ್ರತ್ಯೇಕ. ಗಾಳಿಗೆ ಇನ್ನಷ್ಟು ಹತ್ತಿರದ ಕೋನದಲ್ಲಿ ಓಡುತ್ತದೆ, ಚುರುಕಾಗಿ ತಿರುಗುತ್ತದೆ. ಅದರ ಬಲಹೀನತೆ ಬೇರಿನಲ್ಲಿ: ಎರಡೂವರೆ ಟನ್ ಲೋಹ ಚಿಕ್ಕದೊಂದು ತಳದ ಮೇಲೆ ಬೋಲ್ಟುಗಳಿಂದ ತೂಗುತ್ತಿರುತ್ತದೆ. 2014ರಲ್ಲಿ ‘ಚೀಕಿ ರಫೀಕಿ’ ಎಂಬ ದೋಣಿ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿತು, ನಾಲ್ವರು ಸತ್ತರು. ಹಿಂದೆ ನೆಲ ತಾಗಿದ್ದರಿಂದ ಒಳಗಿನ ಬಲಗಟ್ಟು ಒಡಲಿನಿಂದ ಬಿಟ್ಟುಕೊಂಡಿರಬಹುದು ಎಂಬುದು ತನಿಖೆಯಲ್ಲಿ ಮುಖ್ಯ ಅಂಶವಾಗಿತ್ತು. ನೆಲ ತಾಗಿದ ಫಿನ್ ಕೀಲ್ ದೋಣಿಯನ್ನು ಮೇಲೆತ್ತಿ ಪರೀಕ್ಷಿಸದೆ ಆಳಸಮುದ್ರಕ್ಕೆ ಒಯ್ಯಬಾರದು ಅನ್ನುವುದು ಇದಕ್ಕೇ.

ಇವೆರಡರ ನಡುವೆ ಒಂದು ರಾಜಿ ಇದೆ. ಫಿನ್ ಸ್ವಲ್ಪ ಉದ್ದ, ಚುಕ್ಕಾಣಿಯ ಮುಂದೆ ಅದನ್ನು ಕಾಯುವ ಒಂದು ಗಟ್ಟಿ ಏಣು. ಅದಕ್ಕೆ ಸ್ಕೆಗ್ ಎನ್ನುತ್ತಾರೆ. ದೂರಯಾನಕ್ಕೆ ಅನೇಕರ ಆಯ್ಕೆ ಇದೇ, ಅದರಲ್ಲಿ ತಪ್ಪೇನೂ ಇಲ್ಲ. ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ನಿಯಮ ಮಾತ್ರ ಹಳೆಯ ಕಾಲದ್ದು: 1988ಕ್ಕೆ ಮೊದಲು ವಿನ್ಯಾಸವಾದ, 32ರಿಂದ 36 ಅಡಿಯ, ಉದ್ದ ಕೀಲ್ ದೋಣಿಗಳೇ ಆಗಬೇಕು. 2022ರಲ್ಲಿ ಹೊರಟು 2023ರಲ್ಲಿ ಮುಗಿದ ಆ ಸ್ಪರ್ಧೆಯಲ್ಲಿ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಎರಡನೆಯವರಾಗಿ ಬಂದದ್ದು ರಸ್ಲರ್ 36 ಎಂಬ ಅಂಥದ್ದೇ ದೋಣಿಯಲ್ಲಿ.

ಕಾಗದದ ಅಂಕಿ, ತುಂಬಿದ ದೋಣಿಯ ಅಂಕಿ

ದೋಣಿ ಓಡುವಾಗ ಮೂತಿಯಲ್ಲಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಒಂದು ಹಂತದಲ್ಲಿ ಅಲೆಯ ಉದ್ದವೂ ದೋಣಿಯ ನೀರುಗೆರೆಯ ಉದ್ದವೂ ಒಂದೇ ಆಗುತ್ತದೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಬೇಕು. ಭಾರದ ದೋಣಿಗೆ ಅದು ಸಾಧ್ಯವಿಲ್ಲ. ಈ ಮಿತಿಯನ್ನು ಲೆಕ್ಕ ಹಾಕುವುದು ಸುಲಭ: ನೀರುಗೆರೆಯ ಉದ್ದ ಮೀಟರಿನಲ್ಲಿ, ಅದರ ವರ್ಗಮೂಲ, ಗುಣಿಸು 2.43. ನಮ್ಮ ದೋಣಿಗೆ 7.5 ನಾಟ್, ಗಂಟೆಗೆ ಸುಮಾರು 14 ಕಿಲೋಮೀಟರ್. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸೈಕಲ್ಲಿನವನ ವೇಗ ಅಷ್ಟೇ ಅಂತ ನಗಬೇಡಿ, ಸೈಕಲ್ಲು ರಾತ್ರಿಯಿಡೀ ಓಡುವುದಿಲ್ಲ. ಆದರೂ ದಿನದ ಲೆಕ್ಕಕ್ಕೆ 7.5 ಹಿಡಿಯಬಾರದು. ಸರಾಸರಿ 5 ನಾಟ್, ದಿನಕ್ಕೆ 120 ನಾಟಿಕಲ್ ಮೈಲಿ ಎಂದು ಹಿಡಿದು ನೀರು–ದಿನಸಿ ತುಂಬುವುದು ಕ್ಷೇಮ. ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್.

ಎಂಜಿನ್ ದೊಡ್ಡದು ಹಾಕಿದರೆ ಮಿತಿ ದಾಟುತ್ತದೆಯೇ ಎಂದು ಕೇಳುವವರಿದ್ದಾರೆ. ದಾಟುವುದಿಲ್ಲ, ಹಿಂಭಾಗ ತಗ್ಗಿ ಡೀಸೆಲ್ ಉರಿಯುತ್ತದೆ ಅಷ್ಟೆ.

ಇನ್ನು ಹಾಯಿಗೂ ತೂಕಕ್ಕೂ ಇರುವ ನಂಟು. ಹಾಯಿಯ ವಿಸ್ತೀರ್ಣವನ್ನು, ದೋಣಿ ಸರಿಸುವ ನೀರಿನ ಘನ ಅಳತೆಯ ಮೂರನೇ ಎರಡರ ಘಾತದಿಂದ ಭಾಗಿಸಬೇಕು. 7000 ಕೆಜಿಯ ದೋಣಿ ಸರಿಸುವ ಕಡಲ ನೀರು 6.83 ಘನ ಮೀಟರ್. ಅದರ ಘನಮೂಲ 1.90, ಅದರ ವರ್ಗ 3.6, 60ನ್ನು 3.6ರಿಂದ ಭಾಗಿಸಿದರೆ 16.7. ಹದಿನಾಲ್ಕಕ್ಕಿಂತ ಕೆಳಗಿದ್ದರೆ ಮಂದ ಗಾಳಿಯಲ್ಲಿ ಎಂಜಿನ್ ಮೇಲೇ ನಿಂತ ದೋಣಿ, 15ರಿಂದ 18 ದೂರಯಾನಕ್ಕೆ ಹದ, 20 ದಾಟಿದರೆ ರೇಸಿನ ಕುದುರೆ. ಅಲ್ಲಿಗೆ ನಮ್ಮದು ಒಳ್ಳೆಯ ದೋಣಿ. ಕಾಗದದ ಮೇಲೆ.

ಈಗ ಅದಕ್ಕೆ ಸಾಮಾನು ಹೇರೋಣ. ನೀರು 400 ಲೀಟರ್. ಡೀಸೆಲ್ 200 ಲೀಟರ್, ತೂಕದಲ್ಲಿ 170 ಕೆಜಿ. ಲಂಗರಿನ 10 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 2.2 ಕೆಜಿ, 60 ಮೀಟರ್ ಸರಪಳಿ, ಜೊತೆಗೆ ಲಂಗರು, ಅಲ್ಲಿಗೆ 150 ದಾಟಿತು. ಇಬ್ಬರು ಜನ, ಅವರ ಬಟ್ಟೆಬರೆ 220. ತಿಂಗಳ ದಿನಸಿ 150. ದಡಕ್ಕೆ ಹೋಗಿಬರಲು ಗಾಳಿ ತುಂಬುವ ಪುಟ್ಟ ದೋಣಿ, ಅದರ ಮೋಟಾರು 70. ಪಾನಾ–ಸ್ಕ್ರೂಡ್ರೈವರು, ಬಿಡಿಭಾಗ 150. ಸೌರ ಫಲಕ, ಅದನ್ನು ಹೊರುವ ಉಕ್ಕಿನ ಕಮಾನು, ಹೆಚ್ಚುವರಿ ಬ್ಯಾಟರಿ 150. ಕೂಡಿದರೆ ಒಂದೂವರೆ ಟನ್ನಿಗೆ ಹತ್ತಿರ. ಐಷಾರಾಮದ್ದು ಇದರಲ್ಲಿ ಒಂದೂ ಇಲ್ಲ. ಇಷ್ಟಕ್ಕೆ ದೋಣಿ ಸುಮಾರು 7 ಸೆಂಟಿಮೀಟರ್ ಕೆಳಗೆ ಕೂರುತ್ತದೆ, 16.7 ಇದ್ದ ಅಂಕಿ 14.6ಕ್ಕೆ ಇಳಿಯುತ್ತದೆ. ಹದದ ದೋಣಿ ಸೋಮಾರಿ ದೋಣಿಯ ಗಡಿಗೆ ಬಂತು. ಮಾರುವವರ ಹಾಳೆಯಲ್ಲಿ ಇರುವುದು ಯಾವಾಗಲೂ ಮೊದಲ ಅಂಕಿ. ಆದ್ದರಿಂದ ಯಾವ ದೋಣಿಯ ಹಾಳೆ ಕೈಗೆ ಸಿಕ್ಕರೂ ಮೊದಲು ಮಾಡಬೇಕಾದ ಕೆಲಸ, ತೂಕಕ್ಕೆ ಐದನೇ ಒಂದು ಪಾಲು ಸೇರಿಸಿ ಲೆಕ್ಕ ಮತ್ತೆ ಹಾಕುವುದು. ದೋಣಿ ಚಿಕ್ಕದಾದಷ್ಟೂ ಈ ಪೆಟ್ಟು ದೊಡ್ಡದು, ಏಕೆಂದರೆ 8 ಮೀಟರಿನ ದೋಣಿಯಲ್ಲಿದ್ದರೂ ಮನುಷ್ಯ ಕುಡಿಯುವ ನೀರು ಅಷ್ಟೇ.

ಹೇರಿದ್ದು ಎಲ್ಲಿ ಎಂಬುದು ಎಷ್ಟು ಎಂಬುದರಷ್ಟೇ ಮುಖ್ಯ. ದೋಣಿ ಅಲೆಯ ಮೇಲೆ ಮೂತಿ ಎತ್ತಿ ಇಳಿಸುವಾಗ ತುದಿಯಲ್ಲಿರುವ ತೂಕದ ಪ್ರಭಾವ ನಡುವಿನಿಂದ ಅದರ ದೂರದ ವರ್ಗದಷ್ಟು. ನಡುವಿನಿಂದ 4.5 ಮೀಟರ್ ದೂರ, ಮೂತಿಯಲ್ಲಿಟ್ಟ 130 ಕೆಜಿ ಸರಪಳಿಯನ್ನು 1.5 ಮೀಟರ್ ದೂರದ ಹಾಯಿಕಂಬದ ಬುಡಕ್ಕೆ ಸರಿಸಿದರೆ ಓಲಾಟಕ್ಕೆ ಅದು ಕೊಡುವ ಜಡತೆ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಮೂತಿ ಭಾರವಾದ ದೋಣಿ ಅಲೆಯ ಮೇಲೆ ಏಳುವ ಬದಲು ಅದರೊಳಗೆ ನುಗ್ಗುತ್ತದೆ, ಡೆಕ್ ಮೇಲೆ ನೀರು ಹರಿಯುತ್ತದೆ, ವೇಗ ಸಾಯುತ್ತದೆ. ಎತ್ತರದ ಲೆಕ್ಕ ಇನ್ನೂ ಕಟು. ಕಂಬದ ಮೇಲೆ, ದೋಣಿಯ ಗುರುತ್ವ ಕೇಂದ್ರದಿಂದ 12 ಮೀಟರ್ ಎತ್ತರಕ್ಕೆ 10 ಕೆಜಿಯ ಒಂದು ರೇಡಾರ್ ಏರಿಸಿದರೆ, ಅದನ್ನು ಸರಿದೂಗಿಸಲು 1.2 ಮೀಟರ್ ಕೆಳಗಿನ ಕೀಲ್‌ಗೆ 100 ಕೆಜಿ ಸೀಸ ಸೇರಿಸಬೇಕು. ಯಾರೂ ಸೇರಿಸುವುದಿಲ್ಲ.

ವಾಲುವುದು, ಮಗುಚುವುದು, ಏಳುವುದು

ದೋಣಿ ನೆಟ್ಟಗಿರಲು ಎರಡು ದಾರಿ. ಒಡಲು ಅಗಲವಾಗಿದ್ದರೆ, ವಾಲಿದ ಕಡೆಯ ಒಡಲು ಹೆಚ್ಚು ನೀರಿಗಿಳಿದು ಅಲ್ಲಿಂದ ನೀರು ಮೇಲಕ್ಕೊತ್ತುತ್ತದೆ. ಇದು ಆಕಾರದ ಬಲ. ಕೀಲ್ ಭಾರವಾಗಿದ್ದು ಆಳದಲ್ಲಿದ್ದರೆ, ವಾಲಿದಾಗ ಆ ತೂಕ ಕೆಳಕ್ಕೆ ಎಳೆಯುತ್ತದೆ. ಇದು ನಿಲುಭಾರದ ಬಲ. ಆಕಾರದ ಬಲ ಮೊದಲ 20–30 ಡಿಗ್ರಿಯಲ್ಲಿ ಜೋರು, ಆಮೇಲೆ ಸುಸ್ತಾಗುತ್ತದೆ. ನಿಲುಭಾರದ ಬಲ ನಿಧಾನಕ್ಕೆ ಶುರುವಾಗಿ ದೋಣಿ ಅಡ್ಡ ಮಲಗಿದಾಗ ಅತಿ ಹೆಚ್ಚು. ಬಂದರಿನಲ್ಲಿ ಕಾಲಿಟ್ಟಾಗ ಅಲುಗದ ಅಗಲ ದೋಣಿಯನ್ನು ನೋಡಿ ‘ಭದ್ರವಾಗಿದೆ’ ಎನ್ನುವವರು ಮೊದಲನೆಯದನ್ನಷ್ಟೇ ಅಳೆದಿರುತ್ತಾರೆ. ಅಗಲ ದೋಣಿ ತಲೆಕೆಳಗಾದ ಮೇಲೆಯೂ ಅಷ್ಟೇ ಭದ್ರವಾಗಿ ಇರುವ ಸಾಧ್ಯತೆ ಉಂಟು, ಅದೇ ಭಯ.

ಎಷ್ಟು ಡಿಗ್ರಿವರೆಗೆ ವಾಲಿದರೂ ದೋಣಿ ತಾನಾಗಿ ಏಳುತ್ತದೆ ಎಂಬುದಕ್ಕೆ ಒಂದು ಕೋನವಿದೆ. ಅದಕ್ಕಿಂತ ಆಚೆ ಹೋದರೆ ಮಗುಚಿಯೇ ಉಳಿಯುತ್ತದೆ. ಅಂತರರಾಷ್ಟ್ರೀಯ ಮಾನಕ ಐಎಸ್ಒ 12217ರಲ್ಲಿ ಸಾಗರಯಾನದ ಎ ವರ್ಗಕ್ಕೆ ಈ ಕೋನದ ಅಗತ್ಯ ತೂಕದ ಮೇಲೆ ನಿಲ್ಲುತ್ತದೆ: 130ರಿಂದ, ಕೆಜಿಯಲ್ಲಿನ ತೂಕದ 0.002 ಪಟ್ಟನ್ನು ಕಳೆಯಬೇಕು, ಎಂಥ ದೋಣಿಗೂ 100ಕ್ಕೆ ಕಡಿಮೆ ಇರಕೂಡದು. ನಮ್ಮ 7000 ಕೆಜಿಯ ದೋಣಿಗೆ 116 ಡಿಗ್ರಿ. ಹಳೆಯ ಕಿರಿದು–ಭಾರದ ದೋಣಿಗಳು 140ರ ಹತ್ತಿರ ಬರುವುದುಂಟು.

ಈ ಲೆಕ್ಕಗಳಿಗೆಲ್ಲ ಹಿನ್ನೆಲೆ 1979ರ ಫಾಸ್ಟ್‌ನೆಟ್ ಸ್ಪರ್ಧೆ. ಇಂಗ್ಲೆಂಡ್–ಐರ್ಲೆಂಡ್ ನಡುವೆ ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು, ಎಷ್ಟೋ ದೋಣಿಗಳು ಮಗುಚಿದವು. ಆಮೇಲಿನ ಅಧ್ಯಯನಗಳಿಂದ ಬಂದ ಒಂದು ತಿಳಿವು ಇಂದಿಗೂ ಉಪಯುಕ್ತ: ಬರಿ ಗಾಳಿ ದೋಣಿಯನ್ನು ಮಗುಚುವುದಿಲ್ಲ, ಮುರಿದು ಬೀಳುವ ಅಲೆ ಮಗುಚುತ್ತದೆ. ದೋಣಿಯ ಉದ್ದದ ಸುಮಾರು ಮೂರನೇ ಒಂದರಷ್ಟು ಎತ್ತರದ ಮುರಿಯಲೆ ಪಕ್ಕಕ್ಕೆ ಬಡಿದರೆ ಸಾಕು. 11 ಮೀಟರ್ ದೋಣಿಗೆ ಅದು ಮೂರೂವರೆ ಮೀಟರ್. ಆದ್ದರಿಂದ ಬಿರುಗಾಳಿಯಲ್ಲಿ ಎಲ್ಲ ಉಪಾಯದ ಸಾರ, ಪಕ್ಕವನ್ನು ಅಲೆಗೆ ಕೊಡದಿರುವುದು.

ಅದೇ ಕಾಲದಲ್ಲಿ ಒಂದು ಸರಳ ಸೂತ್ರವೂ ಬಳಕೆಗೆ ಬಂತು: ಅಗಲವನ್ನು, ಸರಿಸಿದ ನೀರಿನ ಘನ ಅಳತೆಯ ಘನಮೂಲದಿಂದ ಭಾಗಿಸಿ, 2ಕ್ಕಿಂತ ಕಡಿಮೆ ಬಂದರೆ ಸಾಗರಕ್ಕೆ ಅಡ್ಡಿಯಿಲ್ಲ. ನಮ್ಮದಕ್ಕೆ 3.5 ಭಾಗಿಸು 1.90, ಅಂದರೆ 1.84. ಪಾಸು. ಈಗ ಒಂದೂವರೆ ಟನ್ ಸಾಮಾನು ಹೇರಿದ ದೋಣಿಗೆ ಅದೇ ಸೂತ್ರ ಹಾಕಿದರೆ 1.73. ಇನ್ನೂ ಕ್ಷೇಮವಾಯಿತಂತೆ! ಆ ಒಂದೂವರೆ ಟನ್ನನ್ನು ಡೆಕ್ ಮೇಲೆ ಕಟ್ಟಿದ್ದರೂ ಸೂತ್ರ ಅದನ್ನೇ ಹೇಳುತ್ತದೆ, ಏಕೆಂದರೆ ತೂಕದ ಎತ್ತರ ಅದಕ್ಕೆ ಕಾಣುವುದಿಲ್ಲ. ಡೆಕ್ ಮೇಲೆ ಸಾಲಾಗಿ ಕಟ್ಟಿದ ಡೀಸೆಲ್ ಕ್ಯಾನುಗಳ ಚಿತ್ರ ನೋಡಲು ಸಾಹಸದಂತಿರುತ್ತದೆ. ಅವು ಇರಬೇಕಾದದ್ದು ನೆಲಹಲಗೆಯ ಕೆಳಗೆ.

ಹಾಯಿ ಕಡಿಮೆ ಮಾಡುವ ಹೊತ್ತು

ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 10 ನಾಟ್ ಗಾಳಿ 20 ಆದರೆ ಒತ್ತಡ ನಾಲ್ಕು ಪಟ್ಟು. ಅದರ ಜೊತೆಗೆ, ದೋಣಿಗೆ ತಾಗುವ ಗಾಳಿ ಬೀಸುವ ಗಾಳಿಯಲ್ಲ, ದೋಣಿಯ ವೇಗವೂ ಅದರಲ್ಲಿ ಸೇರಿದೆ. 12 ನಾಟ್ ಗಾಳಿಯಲ್ಲಿ 6 ನಾಟ್ ವೇಗದಲ್ಲಿ, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಓಡುವಾಗ ತಾಗುವುದು 6 ನಾಟ್ ಮಾತ್ರ. ಅದೇ ವೇಗದಲ್ಲಿ ಗಾಳಿಗೆ 45 ಡಿಗ್ರಿ ಎದುರಾಗಿ ತಿರುಗಿದರೆ ಸುಮಾರು 17. ಒತ್ತಡ ಎಂಟು ಪಟ್ಟಿನ ಹತ್ತಿರ. ಬೆನ್ನ ಗಾಳಿಯಲ್ಲಿ ಸುಖವಾಗಿ ಹೋಗುತ್ತಿದ್ದವರು ಹಿಂದೆ ತಿರುಗಬೇಕಾದಾಗ ಬೆಚ್ಚಿಬೀಳುವುದು ಇದಕ್ಕೆ.

ನಮ್ಮ ದೋಣಿಯ 60 ಚದರ ಮೀಟರ್ ಹಾಯಿಯ ಮೇಲೆ 17 ನಾಟ್ ಗಾಳಿ ಅಂದಾಜು 350 ಕೆಜಿ ಬಲದಿಂದ ಪಕ್ಕಕ್ಕೆ ತಳ್ಳುತ್ತದೆ. ಆ ಬಲ ಕೂತಿರುವ ಎತ್ತರ, ಕೀಲ್‌ನ ಹಿಡಿತದ ಬಿಂದುವಿನಿಂದ ಏಳು ಮೀಟರಿಗೂ ಮೇಲೆ. ಇದಕ್ಕೆ ಇಂಥ ದೋಣಿ ಸುಮಾರು 20 ಡಿಗ್ರಿ ವಾಲುತ್ತದೆ. ಅದಕ್ಕಿಂತ ಹೆಚ್ಚು ವಾಲಿದರೆ ವೇಗ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಕೀಲ್ ಓರೆಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ನೀರಿನೊಳಗಿನ ಒಡಲಿನ ಆಕಾರ ಸೊಟ್ಟಗಾಗಿ ಮೂತಿ ಗಾಳಿಯತ್ತ ತಿರುಗಲು ಹವಣಿಸುತ್ತದೆ. ಅದನ್ನು ತಡೆಯಲು ಚುಕ್ಕಾಣಿ ಹಿಡಿದವರು ಜಗ್ಗುತ್ತಲೇ ಇರಬೇಕು. ಈ ಜಗ್ಗಾಟ 3ರಿಂದ 5 ಡಿಗ್ರಿ ಚುಕ್ಕಾಣಿಯಷ್ಟಿದ್ದರೆ ಒಳ್ಳೆಯದು. ಕೈಗೆ ದೋಣಿಯ ಸುಳಿವು ಸಿಗುತ್ತದೆ, ಕೈ ಬಿಟ್ಟರೆ ದೋಣಿ ತಾನೇ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. 10 ಡಿಗ್ರಿ ದಾಟಿದರೆ ಚುಕ್ಕಾಣಿ ಬ್ರೇಕಿನ ಕೆಲಸ ಮಾಡುತ್ತಿದೆ ಎಂದರ್ಥ. ಆಗ ಚುಕ್ಕಾಣಿಯನ್ನು ಬೈಯಬೇಡಿ. ದೊಡ್ಡ ಹಾಯಿಯ ಹೊಟ್ಟೆ ಹೆಚ್ಚಾಗಿದೆಯೇ ನೋಡಿ, ಅದನ್ನು ಎಳೆದು ಚಪ್ಪಟೆ ಮಾಡಿ, ಆಗಲೂ ಹೋಗದಿದ್ದರೆ ಹಾಯಿ ಕಡಿಮೆ ಮಾಡಿ. ಹಳೆ ಬಟ್ಟೆಯ ಹಾಯಿ ಹಿಗ್ಗಿ ಹೊಟ್ಟೆ ಬಿಟ್ಟಿರುತ್ತದೆ, ಎಷ್ಟು ಎಳೆದರೂ ಚಪ್ಪಟೆಯಾಗದು. ಎಷ್ಟೋ ದೋಣಿಗಳ ‘ವಿನ್ಯಾಸದ ದೋಷ’ ಹೊಸ ಹಾಯಿಯಿಂದ ಮಾಯವಾಗುತ್ತದೆ.

ಹಾಯಿ ಕಡಿಮೆ ಮಾಡುವುದಕ್ಕೆ ರೀಫ್ ಎನ್ನುತ್ತಾರೆ. ಅದರಲ್ಲಿ ಕ್ರಮ ತಪ್ಪಿದರೆ ಬಟ್ಟೆ ಹರಿಯುತ್ತದೆ. ಮೊದಲು ಬೂಮ್ ಅಂದರೆ ಹಾಯಿಯ ಅಡಿಯ ಅಡ್ಡಗೋಲನ್ನು ಹಿಡಿದ ಎರಡೂ ಹಗ್ಗ ಸಡಿಲಿಸಿ: ಅದನ್ನು ಪಕ್ಕಕ್ಕೆ ಎಳೆಯುವ ಶೀಟ್, ಕೆಳಕ್ಕೆ ಎಳೆಯುವ ವ್ಯಾಂಗ್. ವ್ಯಾಂಗ್ ಮರೆಯುವುದೇ ಸಾಮಾನ್ಯ ತಪ್ಪು. ಬೂಮ್ ತಲೆಯ ಮೇಲೆ ಬೀಳದಂತೆ ಹಿಂತುದಿಯ ಎತ್ತುಹಗ್ಗಕ್ಕೆ ಬಿಗಿ ಕೊಡಿ. ಹಾಯಿ ಏರಿಸುವ ಹಗ್ಗವನ್ನು, ಮೊದಲೇ ಗುರುತು ಹಾಕಿಟ್ಟ ಜಾಗದವರೆಗೆ ಮಾತ್ರ ಬಿಟ್ಟು, ಹಾಯಿಯ ಮುಂದಿನ ಅಂಚಿನ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ. ಈಗ ಏರಿಸುವ ಹಗ್ಗವನ್ನು ಮತ್ತೆ ಬಿಗಿಯಾಗಿ ಎಳೆಯಿರಿ, ಮುಂದಿನ ಅಂಚು ತಂತಿಯಂತೆ ಆಗಬೇಕು. ಅದಾದ ಮೇಲೆಯೇ ಹಿಂದಿನ ಮೂಲೆಯ ಹಗ್ಗ ಎಳೆಯುವುದು. ಇದನ್ನು ಮೊದಲು ಎಳೆದರೆ ಹಾಯಿಯ ನಡುವೆ ಅಡ್ಡಲಾಗಿ ಬಲ ಬಿದ್ದು ಸಣ್ಣ ತೂತುಗಳಿಂದ ಹರಿಯಲು ಶುರುವಾಗುತ್ತದೆ. ಹಿಂದಿನ ಮೂಲೆ ಬೂಮ್‌ಗೆ ಒತ್ತಿ ಕೂತಾದ ಮೇಲೆ ಎತ್ತುಹಗ್ಗ ಸಡಿಲಿಸಿ, ಶೀಟ್ ಎಳೆಯಿರಿ. ಜೋತುಬಿದ್ದ ಬಟ್ಟೆಯನ್ನು ಸಣ್ಣ ಹಗ್ಗಗಳಿಂದ ಸಡಿಲವಾಗಿ ಕಟ್ಟಿ, ಬಿಗಿಯಾಗಿ ಅಲ್ಲ. ಹಾಯಿಯ ಭಾರ ಹೊರುವುದು ಎರಡು ಮೂಲೆಗಳು, ಆ ಸಣ್ಣ ಹಗ್ಗಗಳಲ್ಲ. ಅಭ್ಯಾಸವಾದ ಇಬ್ಬರಿಗೆ ಐದು ನಿಮಿಷವೂ ಬೇಡ. ಅಭ್ಯಾಸ ಮಾತ್ರ ಹಗಲಿನಲ್ಲಿ, ಮಂದ ಗಾಳಿಯಲ್ಲಿ ಆಗಿರಬೇಕು.

ಕಂಬದ ಬಗೆ ಬೇಗ ಮುಗಿಸಬಹುದು. ಒಂದು ಕಂಬ, ಎರಡು ಹಾಯಿ ಇದ್ದರೆ ಸ್ಲೂಪ್. ಮುಂದೆ ಇನ್ನೊಂದು ಚಿಕ್ಕ ಹಾಯಿ ಸೇರಿದರೆ ಕಟರ್. ಹಿಂದೊಂದು ಕುಳ್ಳ ಕಂಬ ಇದ್ದರೆ ಕೆಚ್. ಹನ್ನೆರಡು ಮೀಟರಿನೊಳಗಿನ ದೋಣಿಗೆ ಎರಡನೇ ಕಂಬ ಬೇಡ ಎಂಬುದು ನಮ್ಮ ಅಭಿಪ್ರಾಯ. ಅದರ ತೂಕ, ತಂತಿ, ಖರ್ಚು ಯಾವುದಕ್ಕೂ ತಕ್ಕ ಪ್ರತಿಫಲ ಇಲ್ಲ. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ‘ಮ್ಹಾದೇಯಿ’, ‘ತಾರಿಣಿ’ 56 ಅಡಿಯವಾದರೂ ಒಂದೇ ಕಂಬದವು. 2017–18ರಲ್ಲಿ ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳೆಯರು, 2024–25ರಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ, ತಾರಿಣಿಯಲ್ಲಿ ಭೂಮಿ ಸುತ್ತಿ ಬಂದರು.

ಘಟ್ಟದ ಕೆಳಗಿನ ಲೆಕ್ಕ

ವಾಣಿವಿಲಾಸ ಸಾಗರದಲ್ಲೋ ಸೂಳೆಕೆರೆಯಲ್ಲೋ ಇಂಥ ದೋಣಿ ಓಡಿಸಬಹುದೇ? ಭೌತಶಾಸ್ತ್ರ ಅಡ್ಡ ಬರುವುದಿಲ್ಲ. ಸಿಹಿನೀರಿನಲ್ಲಿ ನಮ್ಮ ದೋಣಿ ಒಂದು ಸೆಂಟಿಮೀಟರಿನಷ್ಟು ಹೆಚ್ಚು ಕೂರುತ್ತದೆ, ಅಷ್ಟೇ. ಅಡ್ಡ ಬರುವುದು 1.8 ಮೀಟರಿನ ಕೀಲ್‌ಗೆ ಸಿಗಬಹುದಾದ ಕೆರೆಯ ದಿಬ್ಬ, ಬೇಸಿಗೆಯಲ್ಲಿ ಇಳಿಯುವ ನೀರು. ಕೆರೆಗೆ ತಕ್ಕದ್ದು ಡಿಂಗಿ, ಅಂದರೆ ಒಬ್ಬಿಬ್ಬರು ಕೂರುವ ಚಿಕ್ಕ ಹಾಯಿದೋಣಿ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಅಂಥ ದೋಣಿಗಳ ಸ್ಪರ್ಧೆಗಳೇ ನಡೆಯುತ್ತವೆ. ಡಿಂಗಿಯಲ್ಲಿ ನಿಲುಭಾರ ಇಲ್ಲ, ಕೂತವರ ಮೈಭಾರವೇ ನಿಲುಭಾರ. ಮಗುಚಿದರೆ ಅಡಿಯಿಂದ ಚಾಚಿದ ನಡುಹಲಗೆಯ ಮೇಲೆ ನಿಂತು ಎಬ್ಬಿಸಬೇಕು. ತೂಕದ ಪಾಠವನ್ನು ಇದಕ್ಕಿಂತ ಬೇಗ ಕಲಿಸುವ ದೋಣಿ ಇಲ್ಲ. ಜಾಕೆಟ್ ತೊಟ್ಟಿರಬೇಕು, ಈಜು ಬಂದರೂ.

ಕ್ರೂಸಿಂಗ್ ದೋಣಿಗೆ ಘಟ್ಟ ಇಳಿಯಲೇಬೇಕು. ನಮ್ಮ ಕರಾವಳಿಯಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ, ರಾತ್ರಿ–ಬೆಳಗಿನ ಜಾವ ಪೂರ್ವದಿಂದ ನೆಲಗಾಳಿ. ಗೋವಾದಿಂದ ಮಂಗಳೂರಿಗೆ ಸುಮಾರು 160 ನಾಟಿಕಲ್ ಮೈಲಿ. ಮಧ್ಯಾಹ್ನದ ಗಾಳಿ ಬೆನ್ನಿಗೆ, 5 ನಾಟ್ ವೇಗದಲ್ಲಿ 32 ಗಂಟೆ. ಅದೇ ಗಾಳಿಯಲ್ಲಿ ಮಂಗಳೂರಿನಿಂದ ಗೋವಾಕ್ಕೆ ಹೊರಟರೆ ಗಾಳಿ ಬಹುಮಟ್ಟಿಗೆ ಎದುರು. 45 ಡಿಗ್ರಿಯಲ್ಲಿ ಎಡಬಲಕ್ಕೆ ಹೊರಳುತ್ತಾ ಹೋದರೆ ದೂರ 1.41 ಪಟ್ಟು, ಅಂದರೆ 225 ಮೈಲಿ. ಲೀವೇ ಸೇರಿದರೆ ಇನ್ನೂ ಹೆಚ್ಚು. ಜಾಣತನ ಬೇರೆ ಇದೆ: ರಾತ್ರಿಯ ನೆಲಗಾಳಿ ಪಕ್ಕದಿಂದ ಬರುತ್ತದೆ, ದಡಕ್ಕೆ ಹತ್ತಿರ ಇದ್ದು ಅದರಲ್ಲಿ ಉತ್ತರಕ್ಕೆ ಓಡಿ, ಮಧ್ಯಾಹ್ನ ಲಂಗರು ಹಾಕಿ ಮಲಗುವುದು. ಜೂನ್–ಸೆಪ್ಟೆಂಬರ್ ಮುಂಗಾರಿನಲ್ಲಿ ಈ ಲೆಕ್ಕ ಯಾವುದೂ ನಡೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ರಜೆ.

ದಡಕ್ಕೆ ಹತ್ತಿರದಲ್ಲಿ ಓಡುವುದಕ್ಕೆ ಅದರದೇ ಅಪಾಯಗಳಿವೆ. ರಾತ್ರಿ ದೀಪವಿಲ್ಲದ ದೋಣಿ, ಮೈಲಿಗಟ್ಟಲೆ ಬಲೆ. ಫಿನ್ ಕೀಲ್, ತೂಗುವ ಚುಕ್ಕಾಣಿ, ಅವುಗಳ ನಡುವೆ ಮರೆಯಿಲ್ಲದ ಪ್ರೊಪೆಲ್ಲರ್ ಇದ್ದರೆ ಬಲೆಗೆ ಮೂರು ಕಡೆ ಹಿಡಿ ಸಿಗುತ್ತದೆ. ಕತ್ತಲಲ್ಲಿ ಎಂಜಿನ್ ಹಾಕಿಕೊಂಡು ಹೋಗುವುದಕ್ಕಿಂತ ಹಾಯಿಯಲ್ಲಿ ಹೋಗುವುದು ಇಲ್ಲಿ ಕ್ಷೇಮ, ಏಕೆಂದರೆ ತಿರುಗುವ ಪ್ರೊಪೆಲ್ಲರಿಗೆ ಸುತ್ತಿದ ನೈಲಾನ್ ಬಲೆ ಕರಗಿ ಗಟ್ಟಿಯಾಗಿ, ಗರಗಸದಲ್ಲೇ ಕೊಯ್ಯಬೇಕಾಗುತ್ತದೆ. ಇನ್ನೊಂದು, ನದಿ ಕಡಲು ಸೇರುವ ಅಳಿವೆ. ಶರಾವತಿ ಸೇರುವ ಹೊನ್ನಾವರದಂಥ ಕಡೆ ಮರಳ ದಿಬ್ಬ ಜಾಗ ಬದಲಿಸುತ್ತದೆ, ನಕ್ಷೆಯ ಆಳವನ್ನು ನಂಬುವಂತಿಲ್ಲ. ಆಳಮಾಪಕ 2.5 ಮೀಟರ್ ತೋರಿಸಿದರೆ 1.8ರ ಕೀಲ್‌ಗೆ 70 ಸೆಂಟಿಮೀಟರ್ ಉಳಿಯಿತು ಅನ್ನಿಸುತ್ತದೆ. ಒಂದೂವರೆ ಮೀಟರಿನ ಉಬ್ಬಲೆ ಇದ್ದರೆ ಅದರ ತಗ್ಗಿನಲ್ಲಿ ನೀರು ಅದರ ಅರ್ಧ, ಅಂದರೆ 75 ಸೆಂಟಿಮೀಟರಿನಷ್ಟು ಇಳಿದು ಕೀಲ್ ಮರಳಿಗೆ ಕುಟ್ಟುತ್ತದೆ. ಭರತ ಏರುತ್ತಿರುವಾಗ, ಹಗಲಿನಲ್ಲಿ, ಸ್ಥಳೀಯ ಮೀನುಗಾರರ ದೋಣಿಯ ಹಿಂದೆ ಒಳಗೆ ಹೋಗಬೇಕು. ಅವರ ದೋಣಿಯ ಆಳ ಕಡಿಮೆ ಎಂಬುದು ನೆನಪಿರಲಿ.

ಬಳಸಿದ ದೋಣಿ ಕೊಳ್ಳುವವರು ಅದನ್ನು ನೀರಿನಿಂದ ಎತ್ತಿಸಿಯೇ ನೋಡಬೇಕು. ಕೀಲ್ ಒಡಲಿಗೆ ಸೇರುವ ಗೆರೆಯಲ್ಲಿ ಕೂದಲೆಳೆಯ ಬಿರುಕು ಇದ್ದು ಅದರಿಂದ ತುಕ್ಕಿನ ನೀರು ಒಸರುತ್ತಿದ್ದರೆ ಬೋಲ್ಟು ಬಿಚ್ಚಿ ನೋಡದೆ ಮಾತು ಮುಂದುವರಿಸಬೇಡಿ. ಚುಕ್ಕಾಣಿಯ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೆಲವು ಮಿಲಿಮೀಟರ್ ಆಟ ಸಹಜ, ಸೆಂಟಿಮೀಟರ್ ಸಹಜವಲ್ಲ. ಕಂಬ ಹಿಡಿದ ಸ್ಟೇನ್‌ಲೆಸ್ ತಂತಿಗಳು 10–12 ವರ್ಷ ದಾಟಿದ್ದರೆ ಹೊಳೆಯುತ್ತಿದ್ದರೂ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಆ ತಂತಿಗಳನ್ನು ಒಡಲಿಗೆ ಕಟ್ಟಿದ ಪಟ್ಟಿಗಳು ಡೆಕ್ ದಾಟುವ ಜಾಗದಲ್ಲೇ, ಕಣ್ಣಿಗೆ ಕಾಣದ ಸಂದಿನಲ್ಲಿ, ತುಕ್ಕು ಹಿಡಿದು ಸವೆದುಹೋಗುತ್ತವೆ; ಒಂದನ್ನಾದರೂ ಹೊರತೆಗೆಸಿ ನೋಡಿ. ಆಮೇಲೆ ದೋಣಿ ನೀರಿಗಿಳಿದಾಗ ದೂರ ನಿಂತು ನೀರುಗೆರೆಯ ಬಣ್ಣದ ಪಟ್ಟಿ ನೋಡಿ. ಹಿಂದಿನ ಮಾಲೀಕರು ಅದನ್ನು ಎಷ್ಟು ಸೆಂಟಿಮೀಟರ್ ಮೇಲಕ್ಕೆ ಬಳಿಸಿದ್ದಾರೆ ಎಂಬುದರಿಂದ, ಒಳಗೆ ಎಷ್ಟು ಸಾಮಾನು ಸೇರಿತ್ತು ಎಂಬುದು ತಿಳಿಯುತ್ತದೆ: ಈ ಅಳತೆಯ ದೋಣಿಗೆ ಸೆಂಟಿಮೀಟರಿಗೆ ಸುಮಾರು 200 ಕೆಜಿ.